ಬೆನ್ನು ತಿರುಗಿಸಿಕೊಂಡು ಯುದ್ಧಕ್ಕೆ ಹೋದ ಬೋರಣ್ಣ

ಕಾಡು ಒಂದೇ, ಕೇರಿ ಎರಡು. ಸೂರ್ಯ ಹುಟ್ಟುವ ಕಡೆ ಇದ್ದದ್ದು ಮೂಡಲಕೇರಿ, ಮುಳುಗುವ ಕಡೆ ಇದ್ದದ್ದು ಪಡುವಲಕೇರಿ. ನಡುವೆ ಯಾರೂ ಉಳದ ಬೀಳು ಭೂಮಿ. ಪಡುವಲಕೇರಿಯಲ್ಲಿ ಬೋರಣ್ಣ ಎಂಬ ಮುಳ್ಳುಹಂದಿ ಕಡಲೆಕಾಯಿ ಬೆಳೆದುಕೊಂಡು ಹೆಂಡತಿ ನಂಜವ್ವ ಮತ್ತು ಮಕ್ಕಳೊಡನೆ ಹಾಯಾಗಿದ್ದ. ಮೂಡಲಕೇರಿಯಲ್ಲಿ ಅವನ ಗೆಳೆಯ ಕಾಡುಹಂದಿ ಕೆಂಚಪ್ಪನದೂ ಅದೇ ಬೇಸಾಯ. ಇಬ್ಬರೂ ಮುಯ್ಯಾಳಿಗೆ ಬರುತ್ತಿದ್ದರು. ಎಂದರೆ, ಇವನ ಹೊಲಕ್ಕೆ ಅವನು ದುಡಿಯುವುದು, ಅವನ ಹೊಲಕ್ಕೆ ಇವನು ದುಡಿಯುವುದು. ಕೆಂಚಪ್ಪ ಮೂತಿಯಿಂದ ಬೋರಣ್ಣನ ಹೊಲ ಉತ್ತುಕೊಡುತ್ತಿದ್ದ. ಬೋರಣ್ಣ ಕೆಂಚಪ್ಪನ ಹೊಲದಲ್ಲಿ ಹಿಂದುಹಿಂದಕ್ಕೆ ನಡೆದು, ಮುಳ್ಳು ಊರಿ, ಬೀಜ ಹಾಕಲು ಕುಳಿ ಮಾಡಿಕೊಡುತ್ತಿದ್ದ. ಒಬ್ಬನಿಗೆ ಉಳಲು ಬಾರದು, ಇನ್ನೊಬ್ಬನಿಗೆ ಕುಳಿ ಮಾಡಲು ಬಾರದು. ಹೀಗಾಗಿ ಜಗಳವಾಡಲು ಇಬ್ಬರಿಗೂ ಪುರುಸೊತ್ತಿರಲಿಲ್ಲ.

ಆ ಕಾಡಿನಲ್ಲಿ ಜಂಬುರಾಯ ಎಂಬ ನರಿಯಿದ್ದ. ಮೈ ಬಗ್ಗಿಸಿ ದುಡಿದವನಲ್ಲ, ಕಡಲೆಕಾಯಿ ಎಂದರೆ ಮಾತ್ರ ಪ್ರಾಣ ಬಿಡುತ್ತಿದ್ದ. ಒಂದು ಬೇಸಿಗೆಯಲ್ಲಿ ಅವನು ಪಡುವಲಕೇರಿಗೆ ಬಂದು ದನಿ ತಗ್ಗಿಸಿ ಒಂದು ಗುಟ್ಟು ಹೇಳಿದ. ಸೂರ್ಯ ಹುಟ್ಟುವುದು ಮೂಡಲಕೇರಿಯಲ್ಲಂತೆ. ಅವರು ಮೈ ಕಾಯಿಸಿಕೊಂಡು ಮಿಕ್ಕದ್ದನ್ನು ಇತ್ತ ಕಳಿಸುತ್ತಾರಂತೆ. ಇಷ್ಟು ದಿನ ನಿಮಗೆ ಸಿಕ್ಕಿದ್ದೆಲ್ಲ ಎಂಜಲು ಬಿಸಿಲು ಎಂದ. ಪಡುವಲಕೇರಿಯವರಿಗೆ ಮೈಯೆಲ್ಲ ಉರಿದುಹೋಯಿತು. ನೆರಳಲ್ಲಿ ಕೂತಿದ್ದವರಿಗೂ ಉರಿಯಿತು. ಅದೇ ಸಂಜೆ ಅವನು ಮೂಡಲಕೇರಿಗೆ ಹೋದ. ಪಡುವಲಕೇರಿಯವರು ದಿನಾ ನಿಮ್ಮ ಸೂರ್ಯನನ್ನು ನುಂಗುತ್ತಿದ್ದಾರೆ, ಒಂದು ದಿನ ವಾಪಸು ಕೊಡದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದ. ಅಲ್ಲೂ ಯಾರೂ ಯೋಚನೆ ಮಾಡಲಿಲ್ಲ. ಒಂದೇ ಕಾಡಿನವರು ಎರಡು ದಂಡಾದರು. ಎರಡಕ್ಕೂ ದಂಡನಾಯಕ ಜಂಬುರಾಯನೇ. ಆ ಸಂಗತಿ ಹೊರಬೀಳದಿರಲೆಂದು, ಆಚೆ ಕೇರಿಯವರ ಜೊತೆ ಮಾತಾಡಿದವರಿಗೆ ಗಡೀಪಾರು ಎಂದು ಎರಡೂ ಕಡೆ ಡಂಗುರ ಹೊಡೆಸಿದ.

ಬೋರಣ್ಣನಿಗೆ ಯುದ್ಧ ಬೇಕಿರಲಿಲ್ಲ. ಆದರೆ ಜಂಬುರಾಯ ಅವನನ್ನು ಚೆನ್ನಾಗಿ ಉಬ್ಬಿಸಿದ.

"ಬೋರಣ್ಣೋರೇ, ಬೇರೆಯವರು ಈಟಿ ಹುಡುಕ್ಕೊಂಡು ಹೋಗ್ಬೇಕು. ನೀವು ಬೆನ್ನ ಮೇಲೆ ಹೊತ್ಕೊಂಡೇ ಹುಟ್ಟಿದ್ದೀರಿ."

ಬೋರಣ್ಣ ಮುಳ್ಳು ನಿಮಿರಿಸಿಕೊಂಡು ದಂಡಿಗೆ ಸೇರಿಯೇಬಿಟ್ಟ. ದಂಡಿನ ಊಟಕ್ಕೆ ಎಲ್ಲರೂ ಬಿತ್ತನೆ ಬೀಜ ಕೊಡಬೇಕೆಂದು ಎರಡೂ ಕೇರಿಯಲ್ಲಿ ಅಪ್ಪಣೆಯಾಯಿತು. ಅವನೂ ತನ್ನ ಮೂಟೆಯನ್ನು ಹೊತ್ತುಹಾಕಿ ಬಂದ. ಮನೆಯಲ್ಲಿ ನಂಜವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಬೀಜ ಕೊಟ್ಬುಟ್ಟು ಬಂದ್ಯಲ್ಲ, ಮಳೆ ಬಂದ್ರೆ ಏನ್ ಬಿತ್ತೀಯ? ನಿನ್ ಮೀಸೆನಾ?" ಎಂದಳು.

ಸಿಪಾಯಿ ಮೀಸೆ ಮುಟ್ಟಿ ನೋಡಿಕೊಂಡ. ರೋಹಿಣಿ ಮಳೆ ಹತ್ತಿರವಾಗಿತ್ತು. ಮಳೆ ಬಿದ್ದ ಮೇಲೆ ನೆಲದ ಹದ ಆರುವುದರೊಳಗೆ ಬೀಜ ಬೀಳಬೇಕು. ಹದ ತಪ್ಪಿದರೆ ವರ್ಷವಿಡೀ ಮಕ್ಕಳ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಅದು ನೆನಪಾಗಿ ಅವನಿಗೆ ನಿಜವಾಗಿ ಭಯವಾಯಿತು. ಆದರೆ ದಂಡಿಗೆ ಹೋದವನು ಹಿಂದೆ ಬರುವಂತಿರಲಿಲ್ಲ.

ಕವಾಯತಿನಲ್ಲಿ ಬೋರಣ್ಣನ ಪಾಡು ಹೇಳತೀರದು. ಸಾಲಾಗಿ ನಡೆಯಿರಿ ಎಂದರೆ ಕಳೆ ಕಂಡಲ್ಲೆಲ್ಲ ಬಗ್ಗಿ ಕಿತ್ತುಹಾಕುತ್ತಿದ್ದ. ನಿಲ್ಲಿ ಎಂದರೆ ಮಣ್ಣು ಹಿಡಿದು ಮೂಸುತ್ತಿದ್ದ. ಮೊಲ, ಕಡವೆ, ಹೆಗ್ಗಣಗಳೂ ಬೇಸಾಯಗಾರರೇ ಆದ್ದರಿಂದ ಮಣ್ಣು ಹೇಗಿದೆ ಎಂದು ಅವನನ್ನೇ ಕೇಳುತ್ತಿದ್ದವು. ಇನ್ನೊಂದು ತೊಂದರೆಯೂ ಇತ್ತು. ಮುಳ್ಳುಹಂದಿ ಮೇಲೆ ಬೀಳುವುದು ಬೆನ್ನು ತಿರುಗಿಸಿಕೊಂಡು. ಬೋರಣ್ಣ ಎಷ್ಟು ಶೂರನಾಗಿ ನುಗ್ಗಿದರೂ ಮುಖ ಮನೆಯ ಕಡೆಗೇ ಇರುತ್ತಿತ್ತು. ಜಂಬುರಾಯ ತಲೆ ತಲೆ ಚಚ್ಚಿಕೊಂಡ.

ಯುದ್ಧದ ದಿನ ಬೆಳಿಗ್ಗೆ ಎರಡು ದಂಡೂ ಬೀಳಿನ ಎರಡು ಅಂಚಿಗೆ ನಿಂತವು. ದಂಡನಾಯಕ ಮಾತ್ರ, ಬೀಜದ ಮೂಟೆ ಇರಿಸಿದ್ದ ಬಂಡೆಯ ಗವಿಯಿಂದ ನೋಡುತ್ತೇನೆ ಎಂದು ಎರಡೂ ಕಡೆ ಹೇಳಿ ಜಾರಿಕೊಂಡಿದ್ದ. ಮೂಡಲಕೇರಿಯವರು ಕಂದಕ ತೋಡಲು ಹಿಂದಿನ ದಿನವೇ ಕೆಂಚಪ್ಪನನ್ನು ಬಿಟ್ಟಿದ್ದರು. ಶತ್ರು ಬಿದ್ದು ಕಾಲು ಮುರಿದುಕೊಳ್ಳುವಷ್ಟು ಆಳವಿರಲಿ ಎಂದಿದ್ದರು. ಆದರೆ ಕೆಂಚಪ್ಪನ ಮೂತಿಗೆ ಗೊತ್ತಿದ್ದದ್ದು ಒಂದೇ ಆಳ. ಅವನು ಇಡೀ ಬೀಳನ್ನು ಸಾಲು ಸಾಲಾಗಿ ಅಚ್ಚುಕಟ್ಟಾಗಿ ಉತ್ತಿಟ್ಟು, ಕೊನೆಯ ಸಾಲಿನಲ್ಲಿದ್ದ.

ಈಚೆಯಿಂದ ಎಲ್ಲರಿಗಿಂತ ಮೊದಲು ಬೋರಣ್ಣ ಹೊರಟ, ಹಿಂದುಹಿಂದಕ್ಕೆ. ಕಣ್ಣೆದುರಿಗೆ ಅವನ ಹೊಲ. ಹೊಲದ ಮೇಲೆ ಕಪ್ಪು ಮೋಡ ಕವಿಯುತ್ತಿತ್ತು. ಬಿತ್ತಲು ಒಂದು ಕಾಳೂ ಇಲ್ಲವಲ್ಲ ಎಂದು ಅವನಿಗೆ ಅಳು ಬಂತು. ಅಳುತ್ತಲೇ ನುಗ್ಗಿದ. ಕಾಲಡಿಗೆ ಉತ್ತ ಮಣ್ಣು ಸಿಕ್ಕಿದ್ದೇ ತಡ, ಯುದ್ಧ ಮರೆತೇಹೋಯಿತು. ಮುಳ್ಳು ಊರುತ್ತ ಕುಳಿ ಮಾಡತೊಡಗಿದ. ಒಂದು ಸಾಲು ಮುಗಿಸಿ ಇನ್ನೊಂದು ಹಿಡಿದ. ಎರಡು ದಂಡಿನವರೂ ಬಾಯಿ ಬಿಟ್ಟುಕೊಂಡು ನೋಡಿದರು. ಕೊನೆಗೆ ಮುಳ್ಳು ಯಾರಿಗೋ ತಾಗಿತು.

"ಯಾವನ್ಲಾ ಅವ್ನು, ಸಾಲಿಗೆ ಅಡ್ಡ ಬರೋನು?"

"ನಾನು ಕಣೋ, ಬೋರ."

ಕೆಂಚಪ್ಪ ಮೂತಿ ಎತ್ತಿದ. "ಈ ಸಲ ಉಳೋಕೆ ನೀ ಕರೀಲೇ ಇಲ್ವಲ್ಲೋ. ಸೂರ್ಯನ್ನ ನುಂಗೋ ಕೆಲ್ಸ ಜಾಸ್ತಿ ಇತ್ತಾ?"

"ನಂಗೆ ಹಸಿ ಕಡ್ಲೆಕಾಯಿನೇ ಅರಗಲ್ಲ, ಸೂರ್ಯನ್ನ ಎಲ್ಲಿ ನುಂಗ್ಲಿ? ಯಾರಂದದ್ದು ಹಂಗಂತ?"

"ನಮ್ ದಂಡನಾಯಕ, ಜಂಬುರಾಯ."

"ಅವ್ನು ನಮ್ ದಂಡನಾಯಕ ಕಣೋ."

ಆ ಮಾತು ಎರಡು ದಂಡಿಗೂ ಕೇಳಿಸಿತು. ಅಷ್ಟರಲ್ಲಿ ಮಳೆ ಬಿತ್ತು. ಉತ್ತ ನೆಲ ಕಣ್ಣೆದುರಿಗಿತ್ತು. ಕುಳಿಗಳು ತಯಾರಾಗಿದ್ದವು. ಮಣ್ಣು ಘಮ್ಮೆನ್ನುತ್ತಿತ್ತು. ಸಿಪಾಯಿಗಳಿಗೆಲ್ಲ ಕೈ ತುರಿಸಿತು. ಬೀಜ ಎಲ್ಲಿ ಎಂದು ಮೊದಲು ಯಾರು ಕೇಳಿದರೋ ಗೊತ್ತಿಲ್ಲ, ಎರಡು ದಂಡೂ ಒಟ್ಟಿಗೆ ಗವಿಯತ್ತ ಓಡಿದವು.

ಗವಿಯಲ್ಲಿ ಜಂಬುರಾಯ ಮೂಟೆಗಳ ನಡುವೆ ಕೂತು ಸಿಪ್ಪೆ ಗುಡ್ಡೆ ಹಾಕುತ್ತಿದ್ದ. ಶತ್ರುಗಳ ಕೈಗೆ ಸಿಗದಂತೆ ಬೀಜ ಕಾಯುತ್ತಿದ್ದೇನೆ ಎಂದ. ಆದರೆ ಎರಡು ಕೇರಿಯವರೂ ಬೆರೆತು ನಿಂತಿದ್ದರು. ಯಾರ ಕಡೆ ಬೆರಳು ತೋರಿಸಬೇಕೋ ಅವನಿಗೆ ತಿಳಿಯಲಿಲ್ಲ. ತೊದಲಿದ. ಆಮೇಲೆ ಹೊರಕ್ಕೆ ನೆಗೆದ. ಗವಿಯ ಬಾಗಿಲಲ್ಲಿ ಬೋರಣ್ಣ ಬೆನ್ನು ತಿರುಗಿಸಿಕೊಂಡು ನಿಂತಿದ್ದ. ಇಡೀ ಯುದ್ಧದಲ್ಲಿ ಪೆಟ್ಟಾದದ್ದು ದಂಡನಾಯಕನ ಮೂತಿಗೆ ಮಾತ್ರ.

ಅವನನ್ನು ಗಡೀಪಾರು ಮಾಡಬೇಕೆಂದು ಕೆಲವರು ಕೂಗಿದರು. ಕೆಂಚಪ್ಪ ತಲೆಯಾಡಿಸಿದ.

"ಎರಡು ಕೇರಿಗೂ ದಂಡನಾಯಕ ಆಗಿದ್ದೋನು, ಎರಡು ಕೇರಿಗೂ ಆಳಾಗ್ಲಿ ಬುಡಿ. ಬಿತ್ತೋಕೆ ಜನ ಸಾಲ್ದು."

ಹಾಗೇ ಆಯಿತು. ಸೊಂಟ ನೋಯುತ್ತದೆಂದು ಜಂಬುರಾಯ ಮೂಡಲಕೇರಿಯಲ್ಲಿ ನರಳಿದರೆ ಪಡುವಲಕೇರಿಗೆ ಅಟ್ಟಿದರು. ಅಲ್ಲಿ ನರಳಿದರೆ ಮತ್ತೆ ಮೂಡಲಕೇರಿಗೆ ಅಟ್ಟಿದರು. ಹದ ಆರುವುದರೊಳಗೆ ಎರಡು ಕೇರಿಯ ಹೊಲಗಳಿಗೂ ಬೀಳಿಗೂ ಬೀಜ ಬಿತ್ತು. ಅದರಲ್ಲಿ ಹೆಚ್ಚಿನದನ್ನು ಹಾಕಿದವನು ಜಂಬುರಾಯನೇ, ಒಂದು ಕಾಳನ್ನೂ ಬಾಯಿಗೆ ಹಾಕಿಕೊಳ್ಳದೆ.

ನೀತಿ: ನೆರೆಹೊರೆಯವರನ್ನು ಎತ್ತಿಕಟ್ಟುವವನು ಯಾರ ಪಕ್ಷದವನೂ ಅಲ್ಲ. ಅವನ ಮಾತು ನಂಬಿ ಜಗಳಕ್ಕೆ ನಿಲ್ಲುವ ಮೊದಲು ನೆರೆಯವನನ್ನೇ ಒಮ್ಮೆ ಕೇಳಬೇಕು.