ಆಕಾಶದ ಗುತ್ತಿಗೆ

ಕಾರೆಗಡದ ದೊರೆ ಸಂಗ್ರಾಮನಾಯಕರಿಗೆ ಕೈ ಬರಿದಾದಾಗಲೆಲ್ಲ ಏನನ್ನಾದರೂ ಗುತ್ತಿಗೆ ಕೊಡುವ ಚಾಳಿ. ಕೆರೆಯ ಮೀನು ಕೊಟ್ಟರು, ಹುಣಸೆತೋಪು ಕೊಟ್ಟರು, ಸಂತೆಯ ಸುಂಕವನ್ನೂ ಕೊಟ್ಟರು. ನೆಲದ ಮೇಲೆ ಕೊಡಲು ಏನೂ ಉಳಿಯದಾಗ ಸಾಹುಕಾರ ಬೊಮ್ಮಿಶೆಟ್ಟಿ ಕೈಮುಗಿದು, "ಆಕಾಶ ಖಾಲಿ ಬಿದ್ದಿದೆಯಲ್ಲ ಬುದ್ಧಿ," ಎಂದ. ನಾಯಕರು ತಕ್ಷಣ ಹಣ ಎಣಿಸಿಕೊಂಡು, ಆಕಾಶ ಅವನಿಗೇ ಗುತ್ತಿಗೆ ಎಂದು ತಾಮ್ರದ ಹಾಳೆಯ ಮೇಲೆ ಬರೆಸಿ ಮುದ್ರೆ ಒತ್ತಿಬಿಟ್ಟರು.

ಅಲ್ಲಿಂದ ಶುರುವಾಯಿತು ಕಾಟ. ಹಪ್ಪಳ ಒಣಗಿಸಿದವರು ಬಿಸಿಲಿಗೆ ಬಾಡಿಗೆ ಕೊಡಬೇಕು, ಗಾಳಿಪಟ ಹಾರಿಸಿದವರು ಸುಂಕ ಕಟ್ಟಬೇಕು. ಆಸ್ಥಾನದ ವಿದೂಷಕ ಕೊಟ್ರಯ್ಯನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಹಾಳೆಯ ಮೇಲಿದ್ದದ್ದು ದೊರೆಯ ಮುದ್ರೆ. ಹಲ್ಲು ಕಚ್ಚಿಕೊಂಡು ಸಮಯ ಕಾಯುತ್ತಿದ್ದ.

ಒಂದು ಸಂಜೆ ಮೇಲಿಂದ ಉರಿಯುತ್ತ ಬಂದ ಕಲ್ಲೊಂದು ಗಾಣದ ಚೌಡವ್ವನ ಸೂರು ಒಡೆದುಕೊಂಡು ಒಳಗೆ ಬಿತ್ತು. ಗಾಣದ ಎತ್ತು ಅಲ್ಲೇ ಸತ್ತಿತು. ಅವಳಿನ್ನೂ ಅಳುತ್ತಿರುವಾಗಲೇ ಬೊಮ್ಮಿಶೆಟ್ಟಿ ಬಂದು ಕಲ್ಲು ಕೇಳಿದ. ಅದರ ತುಂಬ ಕಬ್ಬಿಣ; ಅಂಥ ಕಬ್ಬಿಣದ ಕತ್ತಿಗೆ ದೊರೆಗಳು ಕೇಳಿದಷ್ಟು ಹೊನ್ನು ಸುರಿಯುತ್ತಿದ್ದ ಕಾಲವದು. ಚೌಡವ್ವ ಕೊಡಲಿಲ್ಲ. ಜಗಳ ಮರುದಿನ ಆಸ್ಥಾನಕ್ಕೆ ಬಂತು.

"ನನ್ನ ಆಕಾಶದ ಮಾಲು ಬುದ್ಧಿ! ಮಾಲೂ ಬೇಕು, ಕೊಡದೆ ಇಟ್ಟುಕೊಂಡ ತಪ್ಪಿಗೆ ಇವಳ ಗಾಣವೂ ಬೇಕು," ಎಂದ ಶೆಟ್ಟಿ.

"ಎತ್ತು ಹೋತು, ಸೂರು ಹೋತು," ಎಂದಳು ಚೌಡವ್ವ. "ಆ ಕಲ್ಲು ಮಾರಿ ಒಂದು ಎತ್ತು ತಗಂತೀನಿ ಅಂದ್ರೆ ಗಾಣಾನೂ ಕೇಳ್ತಾನೆ. ನಾನು ಉಣ್ಣಾದೇನು ಬುದ್ಧಿ?"

ನಾಯಕರು ಮೀಸೆ ತಿರುವುತ್ತ ಕೊಟ್ರಯ್ಯನ ಮುಖ ನೋಡಿದರು.

"ಶೆಟ್ರೇ," ಎಂದ ಕೊಟ್ರಯ್ಯ, "ಈ ಕಲ್ಲೊಂದೇ ನಿಮ್ಮದೋ, ಮೇಲಿಂದ ಬಿದ್ದದ್ದೆಲ್ಲ ನಿಮ್ಮದೋ?"

"ಎಲ್ಲ ನನ್ನದೇ! ಸಾಸಿವೆ ಕಾಳಷ್ಟೂ ಬಿಡೋನಲ್ಲ."

"ಹಾಗಾದರೆ ಡಂಗುರ ಸಾರಿಸೋಣ. ಮೇಲಿಂದ ಯಾರಿಗೆ ಏನು ಬಿದ್ದಿದ್ದರೂ ಅದು ಶೆಟ್ಟರದು, ನಾಳೆ ತಂದು ಒಪ್ಪಿಸಲಿ."

ಶೆಟ್ಟಿ ಹಿರಿಹಿರಿ ಹಿಗ್ಗಿದ. ಮರುದಿನ ಖಾಲಿ ಗಾಡಿಗಳನ್ನೇ ಹೊಡೆಸಿಕೊಂಡು ಬಂದ.

ನಾಯಕರ ಆಸ್ಥಾನದ ಒಳಗೂ ಅರಮನೆ ಮುಂದೆಯೂ ಜನವೋ ಜನ. ಒಬ್ಬ ಸಿಡಿಲು ಸೀಳಿದ ತೆಂಗಿನ ಬೊಡ್ಡೆ ಎಳೆದು ತಂದಿದ್ದ. ಇನ್ನೊಬ್ಬ ಆಲಿಕಲ್ಲಿಗೆ ಮಲಗಿಹೋದ ನವಣೆಯ ಹೊರೆ ಹೊತ್ತಿದ್ದ. ಅಗಸರ ಈರಿ ಕಾಗೆ ಹೇತ ಪಂಚೆ ಬಿಚ್ಚಿ ಶೆಟ್ಟಿಯ ಮೂಗಿನ ಮುಂದೆ ಹಿಡಿದು, "ತಗಳ್ಳಿ ಧಣಿ, ನಿಮ್ಮ ಮಾಲು," ಎಂದಳು.

"ಇದೇನಿದು ಕೊಟ್ರಯ್ಯ?" ಎಂದು ಶೆಟ್ಟಿ ಕಿರುಚಿದ.

"ಎಲ್ಲ ಮೇಲಿಂದ ಬಿದ್ದದ್ದೇ. ಹೋದ ವರ್ಷ ಚೌಡವ್ವನ ಎತ್ತು ನಿಮ್ಮ ಜೋಳಕ್ಕೆ ಬಾಯಿ ಹಾಕಿದಾಗ ಏನಂದಿರಿ ಶೆಟ್ರೇ?"

"ದನ ಯಾರದೋ, ನಷ್ಟ ಅವರೇ ತುಂಬಿಕೊಡಬೇಕು ಅಂದೆ."

"ಸರಿಯಾದ ಮಾತು. ಈಗ ಸಿಡಿಲು ನಿಮ್ಮದು, ಆಲಿಕಲ್ಲು ನಿಮ್ಮದು, ಎತ್ತು ಕೊಂದ ಕಲ್ಲೂ ನಿಮ್ಮದು. ಯಾರಿಂದ ಶುರು ಮಾಡೋಣ?"

ಶೆಟ್ಟಿ ಬಾಗಿಲಾಚೆಯ ಸಾಲು ನೋಡಿದ. ಅದು ಕೋಟೆ ದಾಟಿ ಹೋಗಿತ್ತು. "ಆಕಾಶವೂ ಬೇಡ, ಕಲ್ಲೂ ಬೇಡ!" ಎಂದು ತಾಮ್ರದ ಹಾಳೆ ಎಸೆದು, ಗಾಡಿಗಳನ್ನೂ ಮರೆತು ಓಟ ಕಿತ್ತ.

ಕೊಟ್ರಯ್ಯ ಹಾಳೆ ಎತ್ತಿ, ಹೆಗಲ ವಸ್ತ್ರದಿಂದ ಒರೆಸಿ ನಾಯಕರ ಮುಂದೆ ಹಿಡಿದ. "ಗುತ್ತಿಗೆದಾರ ಬಿಟ್ಟ ಮೇಲೆ ಸ್ವತ್ತು ತಮ್ಮದೇ ಬುದ್ಧಿ. ಜನ ಬಾಗಿಲಲ್ಲೇ ಇದ್ದಾರೆ, ಒಬ್ಬೊಬ್ಬರನ್ನೇ ಕರೆಯಲೆ?"

ನಾಯಕರು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. "ಬೇಡವೋ! ಆಕಾಶ ನಂದು ಅಂತ ಯಾರು ಹೇಳಿದ್ದು? ಅದು ದೇವರದು."

"ದೇವರ ಸ್ವತ್ತು ಮಾರಿಕೊಂಡವರಿಗೆ ತಮ್ಮಲ್ಲಿ ಏನು ಶಿಕ್ಷೆ ಬುದ್ಧಿ?"

ನಾಯಕರ ಮುಖ ಕೆಂಪಾಯಿತು, ಆಮೇಲೆ ಮೀಸೆಯಡಿ ನಗು ಒಡೆಯಿತು. "ಗುತ್ತಿಗೆ ಹಣದಲ್ಲಿ ಚೌಡವ್ವನಿಗೆ ಒಳ್ಳೆಯ ಎತ್ತು ಕೊಡಿಸಿ, ಉಳಿದದ್ದನ್ನು ಸುಂಕ ಕಟ್ಟಿದವರಿಗೆ ಹಂಚಿ. ಕಲ್ಲು ಅವಳದೇ. ನಿನಗೇನು ಬೇಕು ಹೇಳೋ ಕೊಟ್ರಯ್ಯ?"

"ಈ ತಾಮ್ರದ ಹಾಳೆ ಸಾಕು ಬುದ್ಧಿ. ಚೌಡವ್ವನ ಸೂರಿನ ತೂತಿಗೆ ಹೊದಿಸುತ್ತೇನೆ. ಇನ್ನು ಮೇಲಿಂದ ಏನೇ ಬಿದ್ದರೂ ಮೊದಲು ತಮ್ಮ ಮುದ್ರೆಯ ಮೇಲೇ ಬೀಳಲಿ."