ಎದ್ದು ಹೋದವರ ಎಲೆ

"ಗುರುಗಳೇ, ಮುಚ್ಚಿದ ವಿಂಡೋ ಕಣ್ಣಿಗೆ ಕಾಣುವುದಿಲ್ಲ. ಆದರೂ ಅದು ಮೆಮೊರಿಯಲ್ಲಿ ಜಾಗ ಹಿಡಿದು ಕೂತಿರುತ್ತದಲ್ಲ, ಏಕೆ?" ಎಂದು ಮಂದಾಕಿನಿ ತನಗೆ ಕಂಪ್ಯೂಟರ್ ಕಲಿಸಿದ ಗುರುಗಳನ್ನು ಕೇಳಿದಳು.

ಅವಳು ಬರೆದ ಪ್ರೋಗ್ರಾಂ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಓಡುತ್ತಿತ್ತು. ಬಂದ ಒಬ್ಬೊಬ್ಬರಿಗೂ ಒಂದೊಂದು ವಿಂಡೋ ತೆರೆಯುವುದು, ಕೆಲಸ ಮುಗಿದ ಮೇಲೆ ಮುಚ್ಚುವುದು. ತೆರೆದ ವಿಂಡೋ ತನ್ನ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆಸುತ್ತಿತ್ತು; ಸರದಿ ಮುಂದೆ ಸರಿದಾಗಲೆಲ್ಲ ಆ ಪಟ್ಟಿಯಲ್ಲಿದ್ದ ವಿಂಡೋಗಳಿಗೆ ಸುದ್ದಿ ಮುಟ್ಟಿಸುವ ಏರ್ಪಾಡೂ ಇತ್ತು. ಬೆಳಿಗ್ಗೆ ಚುರುಕಾಗಿರುತ್ತಿದ್ದ ಪ್ರೋಗ್ರಾಂ ಮಧ್ಯಾಹ್ನದ ಹೊತ್ತಿಗೆ ಮೆಮೊರಿ ತುಂಬಿ ಮುಷ್ಕರ ಹೂಡುತ್ತಿತ್ತು. ತುಂಬು ಬಸುರಿಯರು ಸಾಲಿನಲ್ಲಿ ನಿಂತೇ ಇರುತ್ತಿದ್ದರು. ಅದನ್ನು ನೋಡಿ ಮಂದಾಕಿನಿಗೆ ಊಟ ಸೇರುತ್ತಿರಲಿಲ್ಲ. ಮೆಮೊರಿ ಹೆಚ್ಚಿಸಿ ನೋಡಿದ್ದಳು, ನಡುನಡುವೆ ಎಲ್ಲವನ್ನೂ ಆಫ್ ಮಾಡಿ ಆನ್ ಮಾಡಿಸಿದ್ದಳು. ಉಪಯೋಗವಾಗಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದು ಅನ್ನಛತ್ರಕ್ಕೆ ಒಬ್ಬ ಪಾರುಪತ್ಯಗಾರನಿದ್ದ. ಅಲ್ಲಿ ಪಂಕ್ತಿ ಮುಗಿಯಲೆಂದು ಕಾಯುತ್ತಿರಲಿಲ್ಲ. ಒಬ್ಬ ಎದ್ದರೆ ಅವನ ಎಲೆ ತೆಗೆದು ಇನ್ನೊಬ್ಬನನ್ನು ಕೂರಿಸುವುದು. ಎಲೆ ತೆಗೆಯುವವರಿಗೆ ಒಂದೇ ಕಟ್ಟಪ್ಪಣೆ: ಬಡಿಸುವುದು ಬಾಕಿಯಿರುವ ಎಲೆಯನ್ನು ಮುಟ್ಟಕೂಡದು. ಉಣ್ಣುವವನಿಗೆ ಅವಮಾನವಾಗಬಾರದಲ್ಲ!

ಹೊತ್ತು ಏರಿದಂತೆ ಛತ್ರದೊಳಗೆ ಉಣ್ಣುವವರು ಕಡಿಮೆ, ಎಲೆಗಳು ಹೆಚ್ಚು. ಹಸಿದವರು ಬಾಗಿಲಲ್ಲೇ ನಿಂತರು. ಪಾರುಪತ್ಯಗಾರ ಎಲೆ ತೆಗೆಯುವವರ ಮೇಲೆ ಹರಿಹಾಯ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಆಮೇಲೆ ಇನ್ನೊಂದು ಪಡಸಾಲೆ ಕಟ್ಟಿಸಿದ. ಅದೂ ತುಂಬಿತು. ಕೊನೆಗೆ ನಡುಮಧ್ಯಾಹ್ನ ಎಲ್ಲರನ್ನೂ ಎಬ್ಬಿಸಿ ನೆಲ ಸಾರಿಸಿಬಿಟ್ಟ. ಅರ್ಧ ಊಟದಲ್ಲಿ ಎದ್ದವರ ಶಾಪವೊಂದೇ ಅವನಿಗೆ ದಕ್ಕಿದ್ದು.

ಒಂದು ದಿನ ಅವನಿಗೆ ಬುದ್ಧಿ ಹೊಳೆಯಿತು. ಮಿಕ್ಕವರು ಬರುವ ಮೊದಲೇ ಒಬ್ಬ ದಾರಿಹೋಕನನ್ನು ಕೂರಿಸಿ ಊಟ ಹಾಕಿಸಿದ. ಅವನು ಉಂಡು, ಕೈ ತೊಳೆದು ಹೊರಟುಹೋದ. ಪಾರುಪತ್ಯಗಾರ ಆ ಎಂಜಲೆಲೆಯ ಪಕ್ಕದಲ್ಲೇ ಕೂತು, ಇದನ್ನು ತೆಗೆಯಗೊಡದವರು ಯಾರು ನೋಡೋಣ ಎಂದು ಕಾದ. ಸಾರಿನವನು ಬಂದ, ಖಾಲಿ ಮಣೆ ನೋಡಿ ಮುಂದೆ ನಡೆದ. ಪಲ್ಯದವನೂ ನಡೆದ. ಮಜ್ಜಿಗೆಯವನು ಮಾತ್ರ ಎಲೆಯ ಮುಂದೆ ಸೌಟು ಹಿಡಿದು ನಿಂತ. ಎಲೆ ತೆಗೆಯಲು ಬಂದವನಿಗೆ, "ಇರಲಿ, ಮಜ್ಜಿಗೆ ಬಾಕಿ ಇದೆ" ಎಂದ.

"ಯಾರಿಗಯ್ಯಾ ಬಡಿಸ್ತೀಯ? ಉಂಡವನು ಆಗಲೇ ಊರು ದಾಟಿದ" ಎಂದ ಪಾರುಪತ್ಯಗಾರ.

"ಕೂರುವಾಗಲೇ ಮಜ್ಜಿಗೆ ಬಂದಾಗ ನನ್ನ ಮರೀಬೇಡ ಅಂದಿದ್ರು ಸ್ವಾಮಿ. ಏಳುವಾಗ ಏನೂ ಹೇಳಲಿಲ್ಲ. ಕೊಟ್ಟ ಮಾತಿಗೆ ತಪ್ಪೋದು ಹೇಗೆ?"

ಪಾರುಪತ್ಯಗಾರನಿಗೆ ನಗು ಬಂತು. ಬಹುಕಾಲದ ಮೇಲೆ ಅವನ ಮನಸ್ಸು ಹಗುರವಾಯಿತು. ಏಳುವವರು ಮಜ್ಜಿಗೆಯವನಿಗೆ ಒಂದು ಮಾತು ಹೇಳಿಯೇ ಏಳಬೇಕೆಂದು ಅಂದೇ ಕಟ್ಟಳೆ ಮಾಡಿದ. ಅವತ್ತು ಬಾಗಿಲಿಗೆ ಬಂದವರೆಲ್ಲ ಉಂಡು ಹೋದರು. ಹೊಸ ಪಡಸಾಲೆಯ ಬೀಗ ತೆಗೆಯುವ ಪ್ರಮೇಯವೇ ಬರಲಿಲ್ಲ.

ಕತೆ ಮುಗಿಯಿತು. ಮಂದಾಕಿನಿ ಕೇಳಿದಳು: "ಹಾಗಾದರೆ ತಪ್ಪು ಮಜ್ಜಿಗೆಯವನದಲ್ಲವೇ, ಗುರುಗಳೇ?"

ಗುರುಗಳು ಹೇಳಿದರು: "ನಿನ್ನ ವಿಂಡೋಗಳಿಗೆ 'ನನ್ನ ಮರೀಬೇಡ' ಅನ್ನೋದನ್ನು ಕಲಿಸಿದ್ದೀಯ ಮಗಳೇ, 'ಸಾಕು' ಅನ್ನೋದನ್ನು ಕಲಿಸಿದ್ದೀಯಾ?"