ಒಂದೇ ಮಾತಿನ ಅಪ್ಪಣೆ

“ನನ್ನ ಓಲೆ ಇಲ್ಲದೆ ಈ ಅರಮನೆಯಲ್ಲಿ ಹುಲ್ಲುಕಡ್ಡಿಯೂ ಅಲುಗದು!” ಎಂದು ಕಡವಿನಕೋಟೆಯ ಪಾರುಪತ್ಯಗಾರ ಹಂಪಯ್ಯ ಮೀಸೆ ತಿರುವುತ್ತಿದ್ದ.

ಮಾತು ಸುಳ್ಳೇನಲ್ಲ. ಮುನ್ನೂರು ಆಳುಗಳಿಗೆ ಮುನ್ನೂರು ಓಲೆ ಬರೆದಿಟ್ಟಿದ್ದ. ಮಾವುತನು ಆನೆಯನ್ನು ಮೀಯಿಸತಕ್ಕದ್ದು, ಲಾಯದವನು ಕುದುರೆಯನ್ನು ಮೀಯಿಸತಕ್ಕದ್ದು, ಹೀಗೆ. ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಂತು ಅಷ್ಟನ್ನೂ ಓದುವುದು ದೇಮವ್ವನ ಕೆಲಸ. ತನ್ನ ಓಲೆ ಕೇಳುವ ಮೊದಲು ಕದಲಿದವರಿಗೆ ಛಡಿ ಏಟು.

ಅಡುಗೆಯ ಚೌಡಕ್ಕನದು ಕಟ್ಟಕಡೆಯ ಓಲೆ. ಹಾಗಾಗಿ ದೊರೆ ಇರುಗಪ್ಪ ನಾಯಕರ ಬೆಳಗಿನ ರೊಟ್ಟಿ ಬರುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ.

ಒಂದು ದಿನ ದೊರೆಗೆ ತಡೆಯಲಾಗಲಿಲ್ಲ. “ನಾಳೆ ಬಿಸಿಲೇರುವ ಮೊದಲು ನನ್ನ ರೊಟ್ಟಿ ಬರಬೇಕು!”

“ಇವಳು ಓದೋದೇ ನಿಧಾನ, ಪ್ರಭು,” ಎಂದ ಹಂಪಯ್ಯ, ದೇಮವ್ವನ ಕಡೆ ಕೈ ತೋರಿಸಿ. “ಇವಳನ್ನು ಬಿಡಿಸಿ ಹತ್ತು ಜನ ಓದುವವರನ್ನಿಡೋಣ. ಅವರ ಮೇಲೊಬ್ಬ ಹಿರಿಯ. ನಮ್ಮ ಭಾವಮೈದ ಸುಮ್ಮನೇ ಕೂತಿದ್ದಾನೆ.”

ಹನ್ನೆರಡು ವರ್ಷ ಓಲೆ ಓದುತ್ತಲೇ ದೇಮವ್ವ ಓರೆಗಣ್ಣಲ್ಲಿ ಎಲ್ಲವನ್ನೂ ನೋಡಿದ್ದಳು. ಮಾವುತ ಆಕಳಿಸುತ್ತಾ ತನ್ನ ಸರದಿ ಕಾಯುವಾಗ, ಆನೆ ಆಗಲೇ ಕೆರೆಯ ಕಡೆ ತಿರುಗಿ ನಿಂತಿರುತ್ತಿತ್ತು.

“ಬುದ್ಧಿ, ನಾಳೆ ಒಂದು ದಿನ ನನಗೆ ಬಿಡಿ,” ಎಂದಳು ಮೆಲ್ಲಗೆ. “ಒಂದೇ ಮಾತು ಹೇಳ್ತೀನಿ. ರೊಟ್ಟಿ ಬರಲಿಲ್ಲ ಅಂದ್ರೆ ನಾನೇ ಕೆಲಸ ಬಿಟ್ಟು ಹೋಗ್ತೀನಿ.”

“ಮುನ್ನೂರು ಕೆಲಸಕ್ಕೆ ಒಂದೇ ಮಾತಾ!” ಹಂಪಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ದೊರೆ ಒಪ್ಪಿದರು.

ಮರುದಿನ ದೊರೆ ಜಗಲಿಯಲ್ಲಿ ಬಂದು ಕೂತರು. ದೇಮವ್ವ ಗಂಟಲು ಸರಿಮಾಡಿಕೊಂಡಳು.

“ಶುರು ಮಾಡ್ರಪ್ಪಾ!”

ಅಷ್ಟೇ. ಆನೆ ಕೆರೆಗೆ ಹೊರಟಿತು, ಕೊಡ ಬಾವಿಗಿಳಿಯಿತು, ಪೊರಕೆ ಅಂಗಳಕ್ಕಿಳಿಯಿತು.

“ತಡಿ, ತಡಿ! ಈ ಗಿಡುಗ ಸಾಕುವವಳು ಇವತ್ತು ತಾನೇ ಸೇರಿದ್ದಾಳೆ. ಇವಳ ಓಲೆಯನ್ನೇ ನಾನು ಬರೆದಿಲ್ಲ. ಇವಳೇನು ಶುರು ಮಾಡ್ತಾಳೆ?” ಎಂದು ಹಂಪಯ್ಯ ಬೆರಳು ತೋರಿಸಿದ.

ಅವಳು ಆಗಲೇ ಗಿಡುಗಕ್ಕೆ ಮಾಂಸದ ಚೂರು ತಿನ್ನಿಸುತ್ತಿದ್ದಳು. “ನಮ್ಮವ್ವ ಕಲಿಸಿದ ಕೆಲಸ, ಸ್ವಾಮಿ. ಅವ್ವ ಹಕ್ಕೀನ ಎಡಗೈ ಮೇಲೆ ಕೂರಿಸ್ಕೋತಿದ್ಲು. ನಾನು ಎಡಚಿ, ಬಲಗೈ ಮೇಲೆ ಕೂರಿಸ್ಕೋತೀನಿ. ಮಿಕ್ಕಿದ್ದೆಲ್ಲ ಅವ್ವಂದೇ.”

ಅಷ್ಟರಲ್ಲಿ ಚೌಡಕ್ಕ ಹೊಗೆಯಾಡುವ ರೊಟ್ಟಿಗಳನ್ನು ತಂದಿಟ್ಟಳು. ಬಿಸಿಲು ಇನ್ನೂ ಗೋಡೆ ದಾಟಿರಲಿಲ್ಲ.

ದೊರೆ ತಿನ್ನುತ್ತಾ ಅಂಗಳ ನೋಡಿದರು. ಓಲೆಯ ಕಟ್ಟು ಹಿಡಿದುಕೊಂಡು ಹಂಪಯ್ಯನೊಬ್ಬನೇ ನಿಂತಿದ್ದ.

“ದೇಮವ್ವಾ, ನಿನ್ನ ಮಾತು ಹಂಪಯ್ಯನವರಿಗೆ ಕೇಳಿಸಲಿಲ್ಲವೇ? ಇವರೇಕೆ ಇನ್ನೂ ಶುರು ಮಾಡಿಲ್ಲ?”

“ಮಾಡಿದ್ದಾರಲ್ಲ, ಬುದ್ಧಿ. ದಿನಾ ಮಾಡೋದೂ ಅದನ್ನೇ.”

ದೊರೆ ನಕ್ಕ ನಗುವಿಗೆ ರೊಟ್ಟಿ ನೆತ್ತಿಗೇರಿತು. ಕೈಯ ಕಡಗ ಬಿಚ್ಚಿ ದೇಮವ್ವನಿಗೆ ಕೊಟ್ಟರು. ಮುನ್ನೂರು ಓಲೆಗಳನ್ನೂ ಚೌಡಕ್ಕನ ಒಲೆಗೆ ಹಾಕಿಸಿದರು.

“ಅದಿರಲಿ, ನಿನ್ನ ಮಾತಿಗೆ ನಾನೇನು ಶುರು ಮಾಡಿದೆ, ಹೇಳು?”

ದೇಮವ್ವ ತಟ್ಟೆಯ ಕಡೆ ನೋಡಿ ತಲೆತಗ್ಗಿಸಿದಳು.

“ಎರಡನೇ ರೊಟ್ಟಿ, ಬುದ್ಧಿ.”